ದಂಡ ಕಟ್ಟಿ ಮುಗಿಸಿದ ಕೇಸು: ಮೇಲ್ಮನವಿಗೆ ದಾರಿಯುಂಟೇ?

‘ತಪ್ಪು ಒಪ್ಪಿಕೊಂಡುಬಿಡು, ದಂಡ ಕಟ್ಟಿ ಮನೆಗೆ ಹೋಗಬಹುದು.’ ಕೋರ್ಟ್ ಆವರಣದಲ್ಲಿ ಇಂಥ ಸಲಹೆಗೆ ಬರವಿಲ್ಲ. ದಂಡ ಕಟ್ಟಿ ಬಂದರೂ ಅದು ಅಪರಾಧ ನಿರ್ಣಯವೇ ಎಂಬುದು ಎಷ್ಟೋ ಜನರಿಗೆ ತಿಳಿಯುವುದು ಸರ್ಕಾರಿ ಕೆಲಸಕ್ಕೆ ಮುನ್ನ ಪೊಲೀಸ್ ಪರಿಶೀಲನೆ ನಡೆದಾಗ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಂ (ಹಿಂದಿನ ಸಿಆರ್‌ಪಿಸಿಯ 375) ಇಲ್ಲಿ ಅಡ್ಡ ಬರುತ್ತದೆ. ಮ್ಯಾಜಿಸ್ಟ್ರೇಟ್ ಅಥವಾ ಸೆಷನ್ಸ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡವರು ಶಿಕ್ಷೆ ಹೆಚ್ಚಾಯಿತು, ಇಲ್ಲವೇ ಕಾನೂನಿಗೆ ಹೊಂದುವುದಿಲ್ಲ ಎಂದಷ್ಟೇ ಮೇಲ್ಮನವಿ ಸಲ್ಲಿಸಬಹುದು. ಆದರೆ ಒಪ್ಪಿಗೆಯೇ ನಿಜವಾದದ್ದಲ್ಲದಿದ್ದರೆ? ಕರ್ನಾಟಕದ ಒಂದು ಪ್ರಕರಣದಲ್ಲಿ, ಕಡಿಮೆ ಶಿಕ್ಷೆಯ ಭರವಸೆ ನಂಬಿ ತಪ್ಪೊಪ್ಪಿಕೊಂಡವನ ಶಿಕ್ಷೆಯನ್ನು ಆಮೇಲೆ ಹೆಚ್ಚಿಸಲಾಗಿತ್ತು. ಇದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದ ಸುಪ್ರೀಂ ಕೋರ್ಟ್, ಅಪರಾಧ ನಿರ್ಣಯವನ್ನೇ ರದ್ದುಪಡಿಸಿ ಮರುವಿಚಾರಣೆಗೆ ಕಳಿಸಿತು. ನಿಮ್ಮ ವಕೀಲರಿಗೆ ತೋರಿಸಲು ಅದರ ಗುರುತು: 1983ರ ಎಸ್‌ಸಿಸಿ, ಸಂಪುಟ 1, ಪುಟ 194.

ಮೊದಲ ಕೆಲಸ, ತೀರ್ಪು, ಆರ್ಡರ್ ಶೀಟ್ ಮತ್ತು ದೋಷಾರೋಪ ದಾಖಲೆಗಳ ದೃಢೀಕೃತ ನಕಲಿಗೆ ಅರ್ಜಿ ಹಾಕುವುದು. ಇಡೀ ಪ್ರಕರಣ ನಿಂತಿರುವುದು ಈ ಹಾಳೆಗಳ ಮೇಲೆ. ಆರೋಪವನ್ನು ಓದಿ, ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿದ್ದು ದಾಖಲಾಗಿದೆಯೇ? ಬೆಂಗಳೂರಿಗೆ ದುಡಿಯಲು ಬಂದ ಒಡಿಶಾ, ಬಿಹಾರದ ಕಾರ್ಮಿಕರ ವಿಷಯದಲ್ಲಿ ಇದನ್ನು ಎರಡು ಸಲ ನೋಡಬೇಕು. ಸಮನ್ಸ್ ಪ್ರಕರಣವಾದರೆ ಆರೋಪಿ ಆಡಿದ ಮಾತನ್ನೇ ಆದಷ್ಟೂ ಹಾಗೆಯೇ ಬರೆದುಕೊಳ್ಳಬೇಕು. ‘ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಅಚ್ಚಾದ ಒಂದು ಸಾಲು ಸಾಲದು. ‘ಹೊಡೆದದ್ದು ಹೌದು, ಅವನೇ ಮೊದಲು ಮೈಮೇಲೆ ಬಂದ’ ಎಂದಿದ್ದರೆ ಅದು ಪೂರ್ತಿ ಒಪ್ಪಿಗೆಯಲ್ಲ. ವಕೀಲರು ಜೊತೆಗಿದ್ದರೇ, ಇಲ್ಲದಿದ್ದರೆ ಕಾನೂನು ನೆರವು ಪಡೆಯಬಹುದೆಂದು ಹೇಳಿದ್ದರೇ ಎಂಬುದನ್ನೂ ಹುಡುಕಿ.

ಅಂದು ಏನಾಯಿತು, ಯಾರು ಏನು ಹೇಳಿದರು ಎಂಬುದನ್ನು ನೆನಪು ಮಾಸುವ ಮೊದಲೇ ಬರೆದಿಡಿ. ಅರ್ಜಿಯೊಂದಿಗೆ ಕೊಡುವ ಪ್ರಮಾಣಪತ್ರಕ್ಕೆ (ಅಫಿಡವಿಟ್) ಅದೇ ಆಧಾರ. ಉಬ್ಬಿಸಿ ಬರೆಯಬೇಡಿ, ದಾಖಲೆಗೆ ತಾಳೆಯಾಗದ ಒಂದು ಮಾತು ಉಳಿದದ್ದನ್ನೂ ಕೆಡಿಸುತ್ತದೆ.

ದಿನ ಎಣಿಸಿ. ಮೇಲ್ಮನವಿಗೆ ಸೆಷನ್ಸ್ ನ್ಯಾಯಾಲಯದಲ್ಲಿ 30 ದಿನ, ಹೈಕೋರ್ಟಿನಲ್ಲಿ 60 ದಿನ, ರಿವಿಷನ್ (ಪುನರ್ ಪರಿಶೀಲನೆ) ಅರ್ಜಿಗೆ 90 ದಿನ. ನಕಲು ಸಿಗಲು ಹಿಡಿದ ಸಮಯ ಲೆಕ್ಕಕ್ಕಿಲ್ಲ. ತಡವಾದರೆ ಕಾರಣ ವಿವರಿಸಿ ವಿಳಂಬ ಮನ್ನಿಸುವಂತೆ ಕೇಳಬಹುದು. ಶಿಕ್ಷೆ ಜಾಸ್ತಿಯಾಯಿತೆಂಬುದಷ್ಟೇ ದೂರಾದರೆ ಮೇಲ್ಮನವಿ ಸಾಕು. ಒಪ್ಪಿಗೆ ಪಡೆದ ರೀತಿಯೇ ತಪ್ಪೆಂದರೆ ಯಾವ ದಾರಿಯೆಂದು ವಕೀಲರೊಡನೆ ಕೂತು ನಿರ್ಧರಿಸಿ. ರಿವಿಷನ್‌ಗೆ ಸೆಷನ್ಸ್ ಅಥವಾ ಹೈಕೋರ್ಟ್, ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಜೈಲು ಶಿಕ್ಷೆಯಾಗಿದ್ದರೆ ಶಿಕ್ಷೆ ಅಮಾನತು ಕೋರುವ ಅರ್ಜಿಯೂ ಜೊತೆಗಿರಲಿ.

ಒಪ್ಪಿಗೆಯನ್ನು ಪ್ರಶ್ನಿಸಿ ಗೆದ್ದರೆ ಸಾಮಾನ್ಯವಾಗಿ ಸಿಗುವುದು ಬಿಡುಗಡೆಯಲ್ಲ, ವಿಚಾರಣೆ. ಸಾಕ್ಷಿಗಳು ಬರುತ್ತಾರೆ, ವಾಯಿದೆಗಳು ಬೀಳುತ್ತವೆ; ಅದಕ್ಕೆ ಮನಸ್ಸು ಗಟ್ಟಿಯಿದ್ದರಷ್ಟೇ ಮುಂದಡಿಯಿಡಿ.

ಹಣವಿಲ್ಲವೆಂದು ಸುಮ್ಮನಿರಬೇಡಿ. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಜೈಲಿನಲ್ಲಿರುವವರು ಮೇಲ್ಮನವಿಯನ್ನು ಜೈಲಧಿಕಾರಿಯ ಕೈಗೇ ಕೊಡಬಹುದು, ಅದನ್ನು ನ್ಯಾಯಾಲಯಕ್ಕೆ ಮುಟ್ಟಿಸುವುದು ಅವರ ಕರ್ತವ್ಯ.