ಮನಸ್ಸಿನ ಕಾಯಿಲೆಗೆ ಪೂರಕ ಮಾತ್ರೆ: ದಂಪತಿಗಳು ತಿಳಿದಿರಬೇಕಾದ ವಿಚಾರ

ಸಂಸಾರದ ನೆಮ್ಮದಿಗೆ ದೇಹದ ಆರೋಗ್ಯದಷ್ಟೇ ಮನಸ್ಸಿನ ಆರೋಗ್ಯವೂ ಅವಶ್ಯಕ. ಪತಿಯಾಗಲಿ ಪತ್ನಿಯಾಗಲಿ ಎರಡು ವಾರಗಳಿಗೂ ಮೀರಿ ಮಂಕಾಗಿದ್ದು, ನಿದ್ರೆ, ಹಸಿವು ಹಾಗೂ ಕೆಲಸದಲ್ಲಿ ಆಸಕ್ತಿಯನ್ನು ಕಳೆದುಕೊಂಡಿದ್ದರೆ ಅದು ಸೋಮಾರಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ. ಖಿನ್ನತೆ ಎಂಬ ಕಾಯಿಲೆಯಾಗಿರಬಹುದು. ಇದಕ್ಕೆ ಅಂಗಡಿಯಲ್ಲಿ ದೊರೆಯುವ ‘ಆಂಟಿಆಕ್ಸಿಡೆಂಟ್’ ಮಾತ್ರೆಯೊಂದೇ ಸಾಕೆಂದು ಹೇಳುವವರುಂಟು. ಈ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ವಿಚಾರ ಮಾಡೋಣ.

ಮಾತ್ರೆಯ ಕಾರ್ಯವೇನು?

ಗಾಳಿ ಮತ್ತು ತೇವ ತಾಗಿದ ನೇಗಿಲಿನ ಗುಳ ತುಕ್ಕು ಹಿಡಿಯುತ್ತದೆ. ಅದೇ ರೀತಿ ನಮ್ಮ ಜೀವಕೋಶಗಳಲ್ಲಿಯೂ ಆಮ್ಲಜನಕದ ಬಳಕೆಯಿಂದ ಕೆಲವು ಹಾನಿಕಾರಕ ಕಣಗಳು ಹುಟ್ಟುತ್ತವೆ. ಅವುಗಳನ್ನು ಅಡಗಿಸುವ ವಸ್ತುಗಳೇ ಆಂಟಿಆಕ್ಸಿಡೆಂಟ್‌ಗಳು. ದೇಹವು ತಾನೇ ತಯಾರಿಸುವ ಗ್ಲುಟಾಥಯೋನ್ ಇವುಗಳಲ್ಲಿ ಮುಖ್ಯವಾದುದು. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿಯು ಅದರ ತಯಾರಿಕೆಗೆ ನೆರವಾಗುತ್ತದೆ. ಕಫವನ್ನು ತೆಳುವಾಗಿಸಲು ಹಾಗೂ ಪ್ಯಾರಸಿಟಮಾಲ್ ಮಿತಿಮೀರಿ ವಿಷವಾದಾಗ ಯಕೃತ್ತನ್ನು ಕಾಪಾಡಲು ವೈದ್ಯರು ಇದನ್ನು ಬಹುಕಾಲದಿಂದ ಬಳಸುತ್ತಿದ್ದಾರೆ.

ಪ್ರಯೋಗಗಳು ಹೇಳುವುದೇನು?

ಆಸ್ಟ್ರೇಲಿಯಾದ ವೈದ್ಯರು ಉನ್ಮಾದ-ಖಿನ್ನತೆಯ 75 ರೋಗಿಗಳಲ್ಲಿ 24 ವಾರಗಳ ಪ್ರಯೋಗ ನಡೆಸಿ, ಅದರ ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿದರು. ದಿನಕ್ಕೆ 2 ಗ್ರಾಂ ಈ ಔಷಧಿ ಪಡೆದವರಲ್ಲಿ ಖಿನ್ನತೆ ಹೆಚ್ಚು ತಗ್ಗಿತ್ತು. ಆದರೆ ಅದನ್ನು ಎಂದಿನ ಚಿಕಿತ್ಸೆಯ ಜೊತೆಗೆ ನೀಡಲಾಗಿತ್ತೇ ಹೊರತು ಅದರ ಬದಲಿಗಲ್ಲ. ತರುವಾಯದ ಪ್ರಯೋಗಗಳಲ್ಲಿ ಈ ಲಾಭ ಒಂದೇ ಸಮನಾಗಿ ಕಂಡುಬಂದಿಲ್ಲ. ಆದುದರಿಂದ ಈ ಮಾತ್ರೆ ಊರುಗೋಲಾಗಬಹುದು, ಕಾಲಾಗಲಾರದು.

ಆಂಟಿಆಕ್ಸಿಡೆಂಟ್ ಎಂದೊಡನೆ ನಿರಪಾಯಕಾರಿ ಎಂದು ಭಾವಿಸುವುದೂ ಸರಿಯಲ್ಲ. ಧೂಮಪಾನಿಗಳಿಗೆ ಬೀಟಾ ಕ್ಯಾರೋಟಿನ್ ಮಾತ್ರೆ ನೀಡಿದ ಫಿನ್ಲೆಂಡಿನ ಪ್ರಯೋಗದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾದುದು 1994ರಲ್ಲಿ ಪ್ರಕಟವಾಯಿತು.

ನೆನಪಿಡಬೇಕಾದ ಅಂಶಗಳು

1. ವೈದ್ಯರು ಕೊಟ್ಟ ಮನೋರೋಗದ ಔಷಧಿಯನ್ನು ನಿಲ್ಲಿಸಿ ಪೂರಕ ಮಾತ್ರೆಯನ್ನು ಸೇವಿಸಕೂಡದು.

2. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಉಬ್ಬಸ ಉಳ್ಳವರು, ಎದೆನೋವಿಗೆ ನೈಟ್ರೊಗ್ಲಿಸರಿನ್ ಸೇವಿಸುವವರು ವೈದ್ಯರ ಸಲಹೆಯಿಲ್ಲದೆ ಎನ್-ಅಸಿಟೈಲ್‌ಸಿಸ್ಟೀನ್ ಸೇವಿಸಬಾರದು.

3. ನೆಲ್ಲಿಕಾಯಿ, ಸೀಬೆ, ನುಗ್ಗೆಸೊಪ್ಪು, ಕರಿಬೇವು ಮುಂತಾದವುಗಳಲ್ಲಿ ಆಂಟಿಆಕ್ಸಿಡೆಂಟ್‌ಗಳು ಸ್ವಾಭಾವಿಕವಾಗಿಯೇ ಇವೆ. ಇವನ್ನು ನಿತ್ಯದ ಆಹಾರದಲ್ಲಿ ಬಳಸಿರಿ. ಆದರೆ ಇವೂ ಖಿನ್ನತೆಯ ಚಿಕಿತ್ಸೆಗೆ ಬದಲಿಯಲ್ಲ.

4. ಹೆರಿಗೆಯ ನಂತರ ಬಾಣಂತಿಯು ಸದಾ ಅಳುತ್ತಿದ್ದರೆ, ಮಗುವಿನ ಕಡೆ ಗಮನವಿಡದಿದ್ದರೆ ಪತಿಯು ಆಕೆಯನ್ನು ಗದರಿಸದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

5. ಸಾಯುವ ಮಾತನಾಡಿದವರನ್ನು ಒಂಟಿಯಾಗಿ ಬಿಡದೆ, ಕೀಟನಾಶಕವನ್ನು ಅವರ ಕೈಗೆ ಸಿಗದಂತಿರಿಸಿ, ಕೂಡಲೇ ವೈದ್ಯರನ್ನು ಕಾಣಿರಿ.

ಮನೋರೋಗಕ್ಕೆ ಚಿಕಿತ್ಸೆ ದೂರದ ನಗರದಲ್ಲಿ ಮಾತ್ರವೆಂಬ ಭಾವನೆ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಈ ಸೇವೆ ನೀಡಬಲ್ಲರೆಂಬುದನ್ನು ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಾತ್ರೆ ಕೊಳ್ಳುವ ಮುನ್ನ ಪತಿಪತ್ನಿಯರಿಬ್ಬರೂ ಕೂಡಿ ವೈದ್ಯರ ಬಳಿಗೆ ಹೋಗುವುದೇ ಮೇಲು.