ಎಂಟು ಸೆಂಟಿಮೀಟರ್ ಗಡ್ಡೆ, ಒಂದು ಸೆಂಟಿಮೀಟರ್ ತೂತು

ಪ್ರಶ್ನೆ: ನನ್ನ ಮಗಳಿಗೆ 23 ವರ್ಷ. ಆಗಾಗ ಹೊಟ್ಟೆನೋವು ಎನ್ನುತ್ತಿದ್ದಳೆಂದು ಸ್ಕ್ಯಾನಿಂಗ್ ಮಾಡಿಸಿದೆವು. ಬಲಗಡೆ ಅಂಡಾಶಯದಲ್ಲಿ 8 ಸೆಂ.ಮೀ. ಡರ್ಮಾಯ್ಡ್ ಸಿಸ್ಟ್ ಇದೆಯಂತೆ. ಹೊಟ್ಟೆ ಕೊಯ್ಯದೆ, ಮೂರು ಸಣ್ಣ ತೂತು ಮಾಡಿ ತೆಗೆಯುತ್ತೇವೆ ಎಂದಿದ್ದಾರೆ. ಅಷ್ಟು ದೊಡ್ಡ ಗಡ್ಡೆ ಅಷ್ಟು ಸಣ್ಣ ತೂತಿನಿಂದ ಹೇಗೆ ಬರುತ್ತದೆ? ಒಳಗೆ ಕೂದಲು, ಹಲ್ಲು ಇರುತ್ತದೆ ಎನ್ನುವುದು ನಿಜವೇ? ಮದುವೆಯಾಗದ ಹುಡುಗಿ, ಮುಂದೆ ಮಕ್ಕಳಾಗಲು ತೊಂದರೆಯೇ?
— ಓದುಗರೊಬ್ಬರು, ಹಾಸನ

ಉತ್ತರ: ಗಡ್ಡೆ ಎಂದೊಡನೆ ಗಟ್ಟಿ ಉಂಡೆಯೊಂದು ಕಣ್ಣಮುಂದೆ ಬರುತ್ತದೆ. ಸಿಸ್ಟ್ ಹಾಗಲ್ಲ, ಅದೊಂದು ಚೀಲ. ಒಳಗಿರುವುದನ್ನು ಹೀರಿ ತೆಗೆದರೆ ಉಳಿಯುವುದು ಬರೀ ಸಿಪ್ಪೆ. ಅದು ಹೊಕ್ಕುಳಿನ ತೂತಿನಿಂದಲೂ ಹೊರಬರುತ್ತದೆ.

ಈ ಉಪಾಯ ಲ್ಯಾಪರೊಸ್ಕೋಪಿ ಎನ್ನುವ ತೂತಿನ ಆಪರೇಷನ್ನಿಗಿಂತ ಬಹಳ ಹಳೆಯದು. 1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಎಫ್ರೇಮ್ ಮೆಕ್‌ಡೊವೆಲ್ ಎಂಬ ವೈದ್ಯ, ಜೇನ್ ಟಾಡ್ ಕ್ರಾಫರ್ಡ್ ಎಂಬ ಹೆಂಗಸಿನ ಹೊಟ್ಟೆ ಕೊಯ್ದು ಅಂಡಾಶಯದ ಗಡ್ಡೆ ತೆಗೆದ. ಆಗಿನ್ನೂ ಅರಿವಳಿಕೆ ಬಂದಿರಲಿಲ್ಲ. ಅಷ್ಟುದ್ದ ಕೊಯ್ದರೂ ಗಡ್ಡೆ ಇಡಿಯಾಗಿ ಹೊರಬರಲಿಲ್ಲ. ಅದನ್ನು ಅಲ್ಲೇ ಸೀಳಿ, ಒಳಗಿನ ಲೋಳೆಯನ್ನು ಬಸಿದು, ಆಮೇಲೆ ಚೀಲವನ್ನು ಹೊರಗೆಳೆದ. ಎರಡೂ ಸೇರಿ ಸುಮಾರು 10 ಕಿಲೋ! ಆಕೆ ಚೇತರಿಸಿಕೊಂಡು 78ರವರೆಗೆ ಬದುಕಿದಳು.

ಈಗ ಮಾಡುವುದೂ ಹೆಚ್ಚುಕಮ್ಮಿ ಅದನ್ನೇ, ನಿಮ್ಮ ಮಗಳು ಪೂರ್ತಿ ಅರಿವಳಿಕೆಯಲ್ಲಿರುತ್ತಾಳೆ ಎನ್ನುವುದೇ ದೊಡ್ಡ ವ್ಯತ್ಯಾಸ. ಮೊದಲು ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಕೆಲಸಕ್ಕೆ ಜಾಗ ಮಾಡಿಕೊಳ್ಳುತ್ತಾರೆ. ಈ ಅನಿಲ ಉರಿಯುವುದಿಲ್ಲ, ಆದ್ದರಿಂದ ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವಾಗ ಭಯವಿಲ್ಲ. ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಟುಹೋಗುತ್ತದೆ. ಹೊಕ್ಕುಳಿನ ಬಳಿ ಕ್ಯಾಮೆರಾ, ಕೆಳಹೊಟ್ಟೆಯಲ್ಲಿ ಸಾಮಾನ್ಯವಾಗಿ 5 ಮಿ.ಮೀ. ತೂತುಗಳಲ್ಲಿ ಇಕ್ಕಳ, ಕತ್ತರಿ. ಅಂಡಾಶಯದ ಮೇಲ್ಪದರವನ್ನು ಸೀಳಿ, ಸಿಸ್ಟಿನ ಗೋಡೆಯನ್ನು ನಿಧಾನಕ್ಕೆ ಬಿಡಿಸುತ್ತಾರೆ. ಬಿಡಿಸಿದ್ದನ್ನು ಒಳಗೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲದ ಬಾಯನ್ನು ಹೊರಗೆಳೆದುಕೊಂಡು, ಅದರೊಳಗೇ ಸಿಸ್ಟನ್ನು ಒಡೆದು ಖಾಲಿ ಮಾಡುತ್ತಾರೆ. ಇಂಥ ಚೀಲ ದುಬಾರಿಯೆಂದು ಶುದ್ಧೀಕರಿಸಿದ ಕೈಗವಸನ್ನೇ ಚೀಲ ಮಾಡಿಕೊಳ್ಳುವ ಜಾಣರೂ ನಮ್ಮಲ್ಲಿದ್ದಾರೆ.

ಡರ್ಮಾಯ್ಡ್‌ಗೆ ಈ ಚೀಲ ಯಾಕೆ ಮುಖ್ಯವೆಂದರೆ, ಒಳಗಿರುವುದು ತಿಳಿನೀರಲ್ಲ. ಹೌದು, ಕೂದಲಿರುತ್ತದೆ, ಜಿಡ್ಡಿರುತ್ತದೆ, ಹಲ್ಲು ಇದ್ದರೆ ಎಕ್ಸ್‌ರೇಯಲ್ಲೂ ಕಾಣುತ್ತದೆ. ಅಂಡಾಣುವಾಗಬೇಕಿದ್ದ ಜೀವಕೋಶವೊಂದು ತನ್ನಷ್ಟಕ್ಕೆ ಬೆಳೆಯತೊಡಗಿ ಚರ್ಮ, ಕೂದಲುಗಳನ್ನು ಹುಟ್ಟಿಸಿದ ಫಲ ಇದು. ಇದಕ್ಕೆ ಗಂಡಸಿನ ಸಂಪರ್ಕ ಬೇಕಿಲ್ಲ, ಪುಟ್ಟ ಹುಡುಗಿಯರಲ್ಲೂ ಕಾಣಿಸುತ್ತದೆ. ನೀವು ಕೇಳಲಿಲ್ಲ; ಆದರೆ ನೆಂಟರಿಷ್ಟರು ಪಿಸುಗುಟ್ಟಬಹುದು ಎಂದು ಹೇಳಿದೆ. ಆ ಜಿಡ್ಡು ಹೊಟ್ಟೆಯೊಳಗೆ ಚೆಲ್ಲಿದರೆ ಉರಿಯೂತವಾಗುವ ಸಾಧ್ಯತೆಯಿದೆ. ಚೆಲ್ಲಿದರೆ ಸಲೈನಿನಿಂದ ಚೆನ್ನಾಗಿ ತೊಳೆಯುತ್ತಾರೆ.

ಎಲ್ಲ ಸಿಸ್ಟಿಗೂ ಆಪರೇಷನ್ ಬೇಕಿಲ್ಲ. ಮುಟ್ಟಾಗುವ ವಯಸ್ಸಿನಲ್ಲಿ ಕಾಣುವ, 5 ಸೆಂ.ಮೀ.ಗಿಂತ ಚಿಕ್ಕದಾದ ಬರೀ ನೀರಿನ ಸಿಸ್ಟು ಎರಡು ಮೂರು ಮುಟ್ಟು ಕಳೆಯುವಷ್ಟರಲ್ಲಿ ಸಾಮಾನ್ಯವಾಗಿ ತಾನೇ ಕರಗುತ್ತದೆ. ಪಿಸಿಓಡಿ ಎನ್ನುತ್ತಾರಲ್ಲ, ಅದು ಬೇರೆಯೇ ಸಂಗತಿ, ಅಲ್ಲಿ ತೆಗೆಯುವಂಥ ಗಡ್ಡೆಯೇ ಇರುವುದಿಲ್ಲ. ಡರ್ಮಾಯ್ಡ್ ಮಾತ್ರ ಕರಗುವುದಿಲ್ಲ. ಭಾರಕ್ಕೆ ಅಂಡಾಶಯ ತಿರುಚಿಕೊಂಡು ರಕ್ತ ಓಡಾಡುವುದೇ ನಿಂತುಹೋಗುವ ಅಪಾಯವೂ ಇದೆ. ಆಪರೇಷನ್ ದಿನ ಬರುವುದರೊಳಗೆ ಆಕೆಗೆ ತಟ್ಟನೆ ಒಂದು ಪಕ್ಕ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ, ಗ್ಯಾಸ್ಟ್ರಿಕ್ ಇರಬೇಕೆಂದು ಕಷಾಯ ಕುಡಿಸಿ ಮಲಗಿಸಬೇಡಿ, ರಾತ್ರಿಯಾದರೂ ಸರಿ ಆಸ್ಪತ್ರೆಗೆ ಕರೆದೊಯ್ಯಿರಿ.

ಮಕ್ಕಳ ವಿಷಯಕ್ಕೆ ಬರೋಣ. ಹೊಟ್ಟೆಯ ಮೇಲಿನ ತೂತು ಎಷ್ಟು ಸಣ್ಣದು ಎಂದು ಎಲ್ಲರೂ ಕೇಳುತ್ತಾರೆ, ಜಾಹೀರಾತುಗಳೂ ಅದನ್ನೇ ಹೊಗಳುತ್ತವೆ. ನನ್ನ ದೃಷ್ಟಿಯಲ್ಲಿ ಕೇಳಬೇಕಾದ್ದು, ಒಳಗೆ ಅಂಡಾಶಯ ಎಷ್ಟು ಉಳಿಯುತ್ತದೆ ಎಂದು. ಅಂಡಾಣುಗಳಿರುವುದು ಸಿಸ್ಟಿನ ಸುತ್ತ ಹಿಗ್ಗಿ ತೆಳ್ಳಗಾದ ಅಂಚಿನಲ್ಲಿ. ಸಿಸ್ಟಿನ ಜೊತೆ ಆ ಅಂಚೂ ಕಿತ್ತುಬಂದರೆ, ರಕ್ತ ನಿಲ್ಲಿಸಲು ವಿಪರೀತ ಸುಟ್ಟರೆ, ಅಂಡಾಣುಗಳ ದಾಸ್ತಾನು ಕುಗ್ಗುತ್ತದೆ. ಗರ್ಭಕೋಶದ ಒಳಪದರದಂಥದೇ ಪದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನ ಚಾಕೊಲೇಟ್ ಸಿಸ್ಟಿನಲ್ಲಿ ಈ ನಷ್ಟ ಹೆಚ್ಚು, ಅದು ಅಂಟಿಕೊಂಡಿರುತ್ತದೆ. ಡರ್ಮಾಯ್ಡ್ ಸಾಮಾನ್ಯವಾಗಿ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ವೈದ್ಯರನ್ನು ನೇರವಾಗಿ ಕೇಳಿ: ‘ಸಿಸ್ಟ್ ಮಾತ್ರ ತೆಗೀತೀರಾ, ಅಂಡಾಶಯವನ್ನೇ ತೆಗೀತೀರಾ? ಎಡಗಡೆಯದನ್ನೂ ನೋಡಿದ್ದೀರಾ?’ ಹತ್ತರಲ್ಲಿ ಒಬ್ಬರಿಗಾದರೂ ಇದು ಎರಡೂ ಕಡೆ ಇರುತ್ತದೆ. ಅನಿವಾರ್ಯವಾಗಿ ಒಂದು ಅಂಡಾಶಯ ಹೋದರೂ ಇನ್ನೊಂದು ಆರೋಗ್ಯವಾಗಿದ್ದರೆ ಮುಟ್ಟು ನಿಲ್ಲುವುದಿಲ್ಲ, ಗರ್ಭವೂ ನಿಲ್ಲುತ್ತದೆ.

ಸಿಸ್ಟಿನ ನೆಪದಲ್ಲಿ ಗರ್ಭಕೋಶವನ್ನೂ ತೆಗೆದುಬಿಡೋಣ ಎಂದು ಯಾರಾದರೂ ಹೇಳಿದರೆ ಮಾತ್ರ ಕಾರಣ ಕೇಳಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಅನಗತ್ಯವಾಗಿ ಗರ್ಭಕೋಶ ತೆಗೆಯುವ ಚಾಳಿ ಎಷ್ಟು ಹಬ್ಬಿತ್ತೆಂದರೆ, ಅದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಎಂದು ರಾಜ್ಯಗಳಿಗೆ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ತೂತಿನ ಆಪರೇಷನ್ನೇ ಎಲ್ಲ ಕಾಲಕ್ಕೂ ಸರಿ ಎಂದೂ ಅಲ್ಲ. ಸ್ಕ್ಯಾನಿನಲ್ಲಿ ಕ್ಯಾನ್ಸರಿನ ಗುಮಾನಿ ಬಂದರೆ, ಗಡ್ಡೆ ಒಳಗೆ ಒಡೆಯದಂತೆ ಇಡಿಯಾಗಿ ತೆಗೆಯಲು ಹೊಟ್ಟೆ ಕೊಯ್ಯುವುದೇ ಮೇಲು. ಸಿಎ-125 ಎಂಬ ರಕ್ತಪರೀಕ್ಷೆಯ ಅಂಕಿ 35 ದಾಟಿತೆಂದು ಮಾತ್ರ ಗಾಬರಿಯಾಗಬೇಡಿ. ಮುಟ್ಟಿನ ದಿನಗಳಲ್ಲಿ, ಎಂಡೊಮೆಟ್ರಿಯೋಸಿಸ್‌ನಲ್ಲಿ, ಹೊಟ್ಟೆಯ ಕ್ಷಯದಲ್ಲೂ ಅದು ಏರುತ್ತದೆ.

ಆಪರೇಷನ್ ಆದ ಮೇಲೆ ಹೊಟ್ಟೆಗಿಂತ ಭುಜ ನೋಯುತ್ತಿದೆ ಎಂದು ಮಗಳು ಹೇಳಬಹುದು. ಉಳಿದ ಅನಿಲ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆರಳಿಸಿದಾಗ ನೋವು ಭುಜದಲ್ಲಿ ಕಾಣಿಸುತ್ತದೆ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಜ್ವರ ಬಂದರೆ, ಹೊಟ್ಟೆ ಉಬ್ಬಿ ನೋವು ಏರುತ್ತಲೇ ಇದ್ದರೆ ತಡಮಾಡದೆ ತೋರಿಸಿ. ಹೊಲಿಗೆ ಬಿಚ್ಚಿಸಲು ಹೋದಾಗ ಬಯಾಪ್ಸಿ ರಿಪೋರ್ಟನ್ನು ಕೇಳಿ ಪಡೆದು ಫೈಲಿನಲ್ಲಿ ಇಟ್ಟುಕೊಳ್ಳಿ. ತೆಗೆದದ್ದು ಡರ್ಮಾಯ್ಡೇ ಎಂದು ಖಚಿತವಾಗುವುದು ಆ ಕಾಗದದಿಂದ.