ಬಾಣಂತಿಯ ಹಾಲು, ಮನೆಯವರ ಮಾತು

ಕೂಸು ಅತ್ತೊಡನೆ ಬಾಣಂತಿಯ ಸುತ್ತ ಸಲಹೆಗಳು ನೆರೆಯುತ್ತವೆ. ‘ಹಾಲು ಸಾಲದು, ಡಬ್ಬಿ ಹಾಲು ಹಾಕಿ’, ‘ಮೊದಲ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲಿ’, ‘ನಾಲಗೆಗೆ ಜೇನು ನೆಕ್ಕಿಸಿ’ ಎಂಬ ಮಾತುಗಳು ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ನಮ್ಮ ಮನೆಗಳಿಗೆ ಹೊಸವಲ್ಲ. ಇವನ್ನು ಆಡುವವರು ಕೂಸಿನ ಹಿತವನ್ನೇ ಬಯಸುವ ಹಿರಿಯರು. ಆದರೂ ಇವುಗಳಿಂದ ಆಗುವುದೇನೆಂಬುದನ್ನು ನಾವು ವಿವೇಚಿಸಬೇಕಾಗಿದೆ.

ಹೆರಿಗೆಯಾದ ಮೊದಲ ದಿನಗಳಲ್ಲಿ ಬರುವ ಹಳದಿ ಬಣ್ಣದ ಗಟ್ಟಿ ಹಾಲು ರೋಗನಿರೋಧಕ ಅಂಶಗಳಿಂದ ಕೂಡಿರುತ್ತದೆ. ಅದು ಅಲ್ಪ ಪ್ರಮಾಣದಲ್ಲಿರುವುದು ಸಹಜ. ಹುಟ್ಟಿದ ದಿನ ಕೂಸಿಗೆ ಒಂದು ಸಲಕ್ಕೆ ಬೇಕಾಗುವುದು ಒಂದೆರಡು ಚಿಕ್ಕ ಚಮಚದಷ್ಟು ಮಾತ್ರ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು. ಮೊದಲ 6 ತಿಂಗಳು ನೀರನ್ನೂ ಕೊಡದೆ ಎದೆಹಾಲನ್ನಷ್ಟೇ ಕೊಡಬೇಕು. ಅನಂತರ ಇತರ ಆಹಾರದೊಡನೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜೇನಿನಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಣಗಳು ಎಳೆಗೂಸಿಗೆ ಅಪಾಯಕಾರಿ. ವರ್ಷ ತುಂಬುವವರೆಗೆ ಜೇನು ಸಲ್ಲದು.

ಕೂಸು ಚೀಪಿದಾಗ ತಾಯಿಯ ದೇಹದಲ್ಲಿ ಪ್ರೊಲ್ಯಾಕ್ಟಿನ್ ಸ್ರವಿಸಿ ಹಾಲು ಉತ್ಪತ್ತಿಯಾಗುತ್ತದೆ. ಆಕ್ಸಿಟೋಸಿನ್ ಅದನ್ನು ಹೊರಕ್ಕೆ ಹರಿಸುತ್ತದೆ. ಡಬ್ಬಿ ಹಾಲಿನಿಂದ ಹೊಟ್ಟೆ ತುಂಬಿದ ಕೂಸು ಕಡಿಮೆ ಚೀಪುವುದರಿಂದ ಎದೆಹಾಲೂ ಕಡಿಮೆಯಾಗುತ್ತದೆ. ಚುಚ್ಚುಮಾತಿನಿಂದ ನೊಂದ ತಾಯಿಯಲ್ಲಿ ಹಾಲು ಹರಿಯುವುದಕ್ಕೂ ತಡೆಯುಂಟಾಗುತ್ತದೆ. ಹೀಗೆ, ‘ಹಾಲು ಸಾಲದು’ ಎಂದು ದಿನವೂ ಆಡಿದ ಮಾತೇ ಕೊನೆಗೆ ನಿಜವಾಗಿಬಿಡುವುದುಂಟು. ಅಳುವಿಗೆ ಹಸಿವೊಂದೇ ಕಾರಣವಲ್ಲ. ಮೊದಲ ವಾರದ ಬಳಿಕ ಕೂಸು ದಿನಕ್ಕೆ 6 ಸಲಕ್ಕೆ ಕಡಿಮೆಯಿಲ್ಲದಂತೆ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ತಿಳಿಯಬೇಕು. ತೂಕ ಏರದಿದ್ದರೆ, ಕೂಸು ಮಂಕಾಗಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಡಬ್ಬಿ ಹಾಲು ಮತ್ತು ಹಾಲಿನ ಬಾಟಲಿಗಳ ಜಾಹೀರಾತನ್ನು ನಿಷೇಧಿಸುವ ಕಾಯಿದೆ ನಮ್ಮ ದೇಶದಲ್ಲಿ 1992ರಲ್ಲಿಯೇ ಬಂದಿದೆ. ಆದರೆ ಮನೆಯೊಳಗಿನ ಒತ್ತಾಯವನ್ನು ಯಾವ ಕಾಯಿದೆಯೂ ತಡೆಯಲಾರದು.

ಇದಕ್ಕೆ ವಿರುದ್ಧವಾದ ಒತ್ತಡವೂ ಉಂಟು. ತಾಯಿಗೆ ತೀವ್ರ ಕಾಯಿಲೆ ಇರಬಹುದು, ಕೂಸು ದಿನ ತುಂಬುವ ಮೊದಲೇ ಹುಟ್ಟಿರಬಹುದು. ವೈದ್ಯರ ಸಲಹೆಯಂತೆ ಬೇರೆ ಹಾಲು ಕೊಡಬೇಕಾಗಿ ಬಂದಾಗ, ‘ಹಾಲು ಕೊಡದವಳು ಎಂಥ ತಾಯಿ?’ ಎನ್ನುವುದು ಕ್ರೌರ್ಯ. ಅಂಥ ಸಂದರ್ಭದಲ್ಲಿ ಬಾಟಲಿಗಿಂತ ಚೆನ್ನಾಗಿ ಕುದಿಸಿ ತೆಗೆದ ಒಳಲೆಯೇ ಲೇಸು.

ಹೂವಿನ ಹೊಲಕ್ಕೆ, ತರಕಾರಿ ತೋಟಕ್ಕೆ ಕೂಲಿಗೆ ಹೋಗುವ ತಾಯಂದಿರಿಗೆ ನೌಕರರಂತೆ 26 ವಾರಗಳ ಸಂಬಳಸಹಿತ ರಜೆಯಿಲ್ಲ. ಅವರಿಗೆ ಬುದ್ಧಿವಾದಕ್ಕಿಂತ ಬಿಡುವು ಮುಖ್ಯ. ಎದೆಹಾಲನ್ನು ಶುಚಿಯಾದ ಪಾತ್ರೆಗೆ ಹಿಂಡಿ, ಮುಚ್ಚಿ, ತಂಪಾದ ಜಾಗದಲ್ಲಿಟ್ಟು, 4 ಗಂಟೆಯೊಳಗೆ ಕುಡಿಸಬಹುದು. ಇದಕ್ಕೆ ಮನೆಯಲ್ಲಿ ಒಬ್ಬರ ನೆರವು ಬೇಕು.

ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ಕಾಳು ನಂಜು ಎಂಬ ಪಥ್ಯವನ್ನು ಹಿರಿಯರು ಸಡಿಲಿಸಬೇಕು. ಬಾಯಾರಿದಾಗಲೆಲ್ಲ ನೀರು, ಹೊಟ್ಟೆ ತುಂಬ ಊಟ, ಹಗಲಲ್ಲಿ ಎರಡು ಗಂಟೆ ನಿದ್ದೆ ಅವಳಿಗೆ ದೊರೆಯಲಿ. ಹೊರಗೆ ಹೋಗಬಾರದೆಂಬ ಕಟ್ಟುಪಾಡಿನಿಂದ ಅಂಗನವಾಡಿಯ ಮಾತೃಪೂರ್ಣ ಊಟ ಅವಳಿಗೆ ತಪ್ಪದಿರಲಿ. ಸಂದೇಹ ಬಂದರೆ ಆಶಾ ಕಾರ್ಯಕರ್ತೆಯನ್ನು ಕರೆದು ಕೇಳೋಣ. ಕೂಸು ಅತ್ತಾಗ ‘ಹಾಲಿಲ್ಲವೇ?’ ಎಂದು ಕೇಳುವ ಬದಲು, ‘ನೀನು ಊಟ ಮಾಡಿದೆಯಾ ಮಗಳೇ?’ ಎಂದು ಕೇಳುವುದನ್ನು ನಾವು ರೂಢಿಸಿಕೊಳ್ಳೋಣ.